ಹಳೆಯ ಕಾರುಗಳ ಡಿಜಿಟಲ್ ಡ್ಯಾಶ್‌ಬೋರ್ಡಿನ ಅನಲಾಗ್ ಪರಿವರ್ತನೆ

ಹಳೆಯ ಕಾರುಗಳ ಡಿಜಿಟಲ್ ಡ್ಯಾಶ್‌ಬೋರ್ಡಿನ ಅನಲಾಗ್ ಪರಿವರ್ತನೆ ಎಂದರೆ ವೇಗ, ಇಂಧನ, ಎಂಜಿನ್ನಿನ ಉಷ್ಣತೆ ಮೊದಲಾದವನ್ನು ಅಂಕೆಗಳಿಂದ ಅಥವಾ ಬೆಳಕಿನ ಪಟ್ಟಿಗಳಿಂದ ತೋರಿಸುವ ವಿದ್ಯುನ್ಮಾನ ಫಲಕವನ್ನು ತೆಗೆದು, ಅದರ ಸ್ಥಾನದಲ್ಲಿ ಡಯಲು ಮತ್ತು ಮುಳ್ಳುಗಳುಳ್ಳ ಮಾಪಕಗಳನ್ನು ಅಳವಡಿಸುವ ಕೆಲಸ. 1970ರ ದಶಕದ ಕೊನೆಯಿಂದ 1990ರ ದಶಕದವರೆಗೆ ತಯಾರಾದ ಕೆಲವು ವಿದೇಶಿ ಕಾರುಗಳಲ್ಲಿ ಇಂತಹ ಪರಿವರ್ತನೆ ಹೆಚ್ಚಾಗಿ ಕಂಡುಬರುತ್ತದೆ. ಮೂಲತಃ ಮುಳ್ಳಿನ ಮಾಪಕಗಳಿದ್ದು, ಅನಂತರ ಯಾರೋ ಡಿಜಿಟಲ್ ಮೀಟರ್ ಕೂಡಿಸಿದ ಕಾರುಗಳನ್ನು ಮೊದಲಿನ ರೂಪಕ್ಕೆ ತರುವಾಗಲೂ ಇದೇ ತತ್ತ್ವಗಳು ಅನ್ವಯಿಸುತ್ತವೆ.

ನೋಡುವವರಿಗೆ ಇದು ಒಂದು ಫಲಕವನ್ನು ಕಳಚಿ ಇನ್ನೊಂದನ್ನು ಕೂಡಿಸುವಷ್ಟು ಸರಳವಾಗಿ ತೋರುತ್ತದೆ. ಆದರೆ ಮಾಪಕವು ತಾನಾಗಿ ಏನನ್ನೂ ಅಳೆಯುವುದಿಲ್ಲ. ಎಂಜಿನ್, ಟ್ಯಾಂಕ್ ಮತ್ತು ಗೇರ್‌ಬಾಕ್ಸ್‌ಗಳಲ್ಲಿರುವ ಸೆಂಡರುಗಳು ಕಳುಹಿಸುವ ಸಂಕೇತವನ್ನು ಅದು ಚಾಲಕನಿಗೆ ಅರ್ಥವಾಗುವಂತೆ ತಿಳಿಸುತ್ತದೆ. ಸೆಂಡರಿಗೂ ಮಾಪಕಕ್ಕೂ ಹೊಂದಾಣಿಕೆಯಿಲ್ಲದಿದ್ದರೆ ಮುಳ್ಳು ಚಲಿಸುತ್ತಲೇ ಇರುತ್ತದೆ, ಆದರೆ ಸುಳ್ಳು ಹೇಳುತ್ತದೆ. ಆದುದರಿಂದ ಪರಿವರ್ತನೆಯ ಯಶಸ್ಸನ್ನು ಫಲಕದ ಅಂದದಿಂದಲ್ಲ, ಅದು ತೋರಿಸುವ ಅಳತೆಯ ನಿಜದಿಂದ ನಿರ್ಣಯಿಸಬೇಕಾಗುತ್ತದೆ.

ಅನಲಾಗ್ ಮತ್ತು ಡಿಜಿಟಲ್ ಮಾಪಕಗಳು

ಅನಲಾಗ್ ಮಾಪಕದಲ್ಲಿ ಅಳತೆಯ ಏರಿಳಿತಕ್ಕೆ ಅನುಗುಣವಾಗಿ ಮುಳ್ಳು ತಡೆಯಿಲ್ಲದೆ ಸರಿಯುತ್ತದೆ. ಡಿಜಿಟಲ್ ಮಾಪಕದಲ್ಲಿ ಅದೇ ಅಳತೆ ಅಂಕೆಯಾಗಿ ಮೂಡುತ್ತದೆ. ನಿಖರವಾದ ಬೆಲೆಯನ್ನು ಓದಲು ಅಂಕೆ ಅನುಕೂಲ. ಬದಲಾವಣೆಯ ದಿಕ್ಕನ್ನೂ ವೇಗವನ್ನೂ ಕಣ್ಣಂಚಿನಲ್ಲೇ ಗ್ರಹಿಸಲು ಮುಳ್ಳು ಅನುಕೂಲ. ಗಡಿಯಾರದ ಮುಳ್ಳುಗಳನ್ನು ಕಂಡೊಡನೆ ಅಂಕೆಗಳನ್ನು ಓದದೆಯೇ ಹೊತ್ತು ತಿಳಿಯುವಂತೆ, ಉಷ್ಣತಾಮಾಪಕದ ಮುಳ್ಳು ಎಂದಿನ ಸ್ಥಾನದಿಂದ ಮೇಲಕ್ಕೆ ಸರಿದಿರುವುದನ್ನು ಚಾಲಕನು ಒಂದೇ ನೋಟಕ್ಕೆ ಅರಿಯುತ್ತಾನೆ.

ಮುಳ್ಳಿರುವ ಮಾಪಕಗಳೆಲ್ಲ ಯಾಂತ್ರಿಕವೆಂದು ಭಾವಿಸುವುದು ಸರಿಯಲ್ಲ. ಇತ್ತೀಚಿನ ಅನೇಕ ಕಾರುಗಳಲ್ಲಿ ಮುಳ್ಳನ್ನು ತಿರುಗಿಸುವುದು ವಿದ್ಯುನ್ಮಾನ ಮಂಡಲದ ಆಜ್ಞೆಯಂತೆ ಚಲಿಸುವ ಸಣ್ಣ ಸ್ಟೆಪ್ಪರ್ ಮೋಟಾರು. ಇಂತಹ ಫಲಕಗಳಲ್ಲಿ ಮುಖ ಮಾತ್ರ ಅನಲಾಗ್. ಒಳಗಿನ ಲೆಕ್ಕಾಚಾರವೆಲ್ಲ ಡಿಜಿಟಲ್.

ಇತಿಹಾಸ

ಒಟ್ಟೊ ಶುಲ್ಜ್ 1902ರಲ್ಲಿ ಸುಳಿವಿದ್ಯುತ್ ತತ್ತ್ವದ ವೇಗಮಾಪಕಕ್ಕೆ ಪೇಟೆಂಟ್ ಪಡೆದನು. ಗೇರ್‌ಬಾಕ್ಸಿನಿಂದ ಬರುವ ಬಾಗುವ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದನ್ನು ಮುಟ್ಟದೆ ಸುತ್ತುವರಿದಿರುವ ಲೋಹದ ಬಟ್ಟಲಿನಲ್ಲಿ ಸುಳಿವಿದ್ಯುತ್ ಹುಟ್ಟಿ, ಬಟ್ಟಲು ತಿರುಗಲು ಯತ್ನಿಸುತ್ತದೆ. ಸಣ್ಣ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆಯುತ್ತದೆ. ಈ ಎರಡು ಬಲಗಳು ಸಮನಾದಲ್ಲಿ ಮುಳ್ಳು ನಿಲ್ಲುತ್ತದೆ. ಇಪ್ಪತ್ತನೆಯ ಶತಮಾನದ ಬಹುಪಾಲು ಕಾರುಗಳ ವೇಗಮಾಪಕಗಳು ಈ ತತ್ತ್ವದ ಮೇಲೆಯೇ ಕೆಲಸ ಮಾಡಿದವು.

ಬ್ರಿಟನ್ನಿನ ಆಸ್ಟನ್ ಮಾರ್ಟಿನ್ ಸಂಸ್ಥೆಯು ಡಿಜಿಟಲ್ ಫಲಕವುಳ್ಳ ಲಗೊಂಡಾ ಕಾರನ್ನು 1976ರಲ್ಲಿ ಪ್ರದರ್ಶಿಸಿತು. ವಿದ್ಯುನ್ಮಾನ ಭಾಗಗಳ ತೊಡಕಿನಿಂದಾಗಿ ಗ್ರಾಹಕರ ಕೈಗೆ ಅದು ತಲುಪಿದ್ದು 1979ರಲ್ಲಿ. 1981ರ ಟೊಯೊಟಾ ಸೋರರ್, 1983ರ ಆಸ್ಟಿನ್ ಮೇಸ್ಟ್ರೊದ ಕೆಲವು ಮಾದರಿಗಳು, 1984ರ ಒಪೆಲ್ ಕ್ಯಾಡೆಟ್ ಜಿಎಸ್‌ಐ ಮುಂತಾದವುಗಳಲ್ಲಿ ಡಿಜಿಟಲ್ ಫಲಕಗಳು ಬಂದವು. ಅಮೆರಿಕದ ಷೆವ್ರೊಲೆ ಕಾರ್ವೆಟ್ ಕಾರಿನಲ್ಲಿ 1984ರಿಂದ 1989ರವರೆಗೆ ದ್ರವಸ್ಫಟಿಕದ ಡಿಜಿಟಲ್ ಫಲಕವಿತ್ತು. 1990ರ ಮಾದರಿಯಲ್ಲಿ ತಯಾರಕರೇ ವೇಗಮಾಪಕವನ್ನು ಮಾತ್ರ ಅಂಕೆಯಲ್ಲಿ ಉಳಿಸಿ, ಉಳಿದ ಮುಖ್ಯ ಮಾಪಕಗಳಿಗೆ ಮತ್ತೆ ಮುಳ್ಳುಗಳನ್ನು ತಂದರು.

ಭಾರತದಲ್ಲಿ ತಯಾರಾದ ಹಿಂದೂಸ್ಥಾನ್ ಅಂಬಾಸಿಡರ್ ಹಾಗೂ ಪ್ರೀಮಿಯರ್ ಪದ್ಮಿನಿ ಕಾರುಗಳು ಮುಳ್ಳಿನ ಮಾಪಕಗಳಿಗೆ ಹೆಸರಾದವು. ಅಂಕೆ ಮತ್ತು ಮುಳ್ಳುಗಳ ಮಿಶ್ರ ಫಲಕಗಳು ಇಲ್ಲಿ ಪರಿಚಿತವಾದದ್ದು 2006ರ ಹೋಂಡಾ ಸಿವಿಕ್, 2010ರ ಷೆವ್ರೊಲೆ ಬೀಟ್ ಮೊದಲಾದ ಕಾರುಗಳಿಂದ. ಹೀಗಾಗಿ ಮೂಲತಃ ಡಿಜಿಟಲ್ ಫಲಕವಿರುವ ಹಳೆಯ ಕಾರು ನಮ್ಮಲ್ಲಿ ವಿರಳ.

ಪರಿವರ್ತನೆಗೆ ಕಾರಣಗಳು

ಹಳೆಯ ಡಿಜಿಟಲ್ ಫಲಕಗಳು ಕೆಡಲು ಹಲವು ಕಾರಣಗಳಿವೆ. ಒಳಗಿನ ಎಲೆಕ್ಟ್ರೊಲೈಟಿಕ್ ಕೆಪಾಸಿಟರುಗಳು ಕಾಲಕ್ರಮದಲ್ಲಿ ಒಣಗುತ್ತವೆ ಅಥವಾ ಸೋರುತ್ತವೆ. ಬಿಸಿಲು, ಚಳಿ ಮತ್ತು ಕಂಪನಗಳಿಂದ ಬೆಸುಗೆಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಮೂಡುತ್ತದೆ. ದ್ರವಸ್ಫಟಿಕ ಪರದೆಗಳು ಹಿಂಬದಿಯ ದೀಪಗಳ ಶಾಖಕ್ಕೆ ಕಪ್ಪಾಗುತ್ತವೆ. ಆ ಮಾದರಿಗೆಂದೇ ತಯಾರಾದ ಚಿಪ್ಪುಗಳು ಮಾರುಕಟ್ಟೆಯಿಂದ ಮರೆಯಾದ ಮೇಲೆ ದುರಸ್ತಿ ಕಷ್ಟವಾಗುತ್ತದೆ. ಒಂದೇ ಫಲಕದಲ್ಲಿ ಎಲ್ಲ ಮಾಪಕಗಳೂ ಸೇರಿರುವುದರಿಂದ ವಿದ್ಯುತ್ ಪೂರೈಕೆಯ ಭಾಗ ಕೆಟ್ಟರೆ ಎಲ್ಲವೂ ಒಮ್ಮೆಗೇ ಕತ್ತಲಾಗುತ್ತವೆ. ಬಿಡಿಬಿಡಿಯಾದ ಅನಲಾಗ್ ಮಾಪಕಗಳಲ್ಲಿ ಒಂದು ಕೆಟ್ಟರೂ ಉಳಿದವು ಸಾಮಾನ್ಯವಾಗಿ ಕೆಲಸ ಮಾಡುತ್ತಿರುತ್ತವೆ.

ಆದರೆ ಫಲಕ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಫ್ಯೂಸ್, ವಿದ್ಯುತ್ ಪೂರೈಕೆ, ಅರ್ಥ್ ಸಂಪರ್ಕ ಮತ್ತು ಸೆಂಡರುಗಳನ್ನು ಪರೀಕ್ಷಿಸಬೇಕು. ದೋಷವು ತುಕ್ಕು ಹಿಡಿದ ಒಂದು ಅರ್ಥ್ ತಂತಿಯಲ್ಲಿದ್ದರೆ, ಹೊಸ ಮಾಪಕಗಳಿಗೂ ಅದೇ ತೊಂದರೆ ಬರುತ್ತದೆ.

ಸೆಂಡರ್ ಮತ್ತು ಮಾಪಕಗಳ ಹೊಂದಾಣಿಕೆ

ಇಂಧನ ಮಾಪಕ: ಟ್ಯಾಂಕಿನೊಳಗಿನ ತೇಲುಬುರುಡೆ ಏರಿಳಿದಂತೆ ಸೆಂಡರಿನ ವಿದ್ಯುತ್ ರೋಧ ಬದಲಾಗುತ್ತದೆ. ಎಲ್ಲ ತಯಾರಕರೂ ಒಂದೇ ಅಳತೆಯನ್ನು ಅನುಸರಿಸಲಿಲ್ಲ. ಜನರಲ್ ಮೋಟಾರ್ಸ್‌ನ ಅನೇಕ ಹಳೆಯ ಕಾರುಗಳಲ್ಲಿ ಬರಿದಾದ ಟ್ಯಾಂಕಿಗೆ 0 ಓಮ್, ತುಂಬಿದ ಟ್ಯಾಂಕಿಗೆ 90 ಓಮ್. ಹಳೆಯ ಫೋರ್ಡ್ ಕಾರುಗಳಲ್ಲಿ ಕ್ರಮವಾಗಿ ಸುಮಾರು 73 ಮತ್ತು 10 ಓಮ್. ವಿಡಿಒ ಮಾದರಿಯಲ್ಲಿ 10 ಮತ್ತು 180 ಓಮ್. ಪ್ರತ್ಯೇಕವಾಗಿ ಮಾರಾಟವಾಗುವ ಅನೇಕ ಮಾಪಕಗಳಲ್ಲಿ 240 ಮತ್ತು 33 ಓಮ್. ಮೊದಲನೆಯ ಬಗೆಯ ಸೆಂಡರಿಗೆ ಕೊನೆಯ ಬಗೆಯ ಮಾಪಕವನ್ನು ಜೋಡಿಸಿದರೆ, ಟ್ಯಾಂಕು ಬರಿದಾದಾಗ ಮುಳ್ಳು ‘ಪೂರ್ಣ’ದ ಗೆರೆಯನ್ನೂ ದಾಟಿ ನಿಲ್ಲುತ್ತದೆ. ಸೆಂಡರಿಗೆ ಹೊಂದುವ ಮಾಪಕವನ್ನು ಆರಿಸುವುದು, ಸೆಂಡರನ್ನೇ ಬದಲಿಸುವುದು ಅಥವಾ ನಡುವೆ ಹೊಂದಾಣಿಕೆ ಮಂಡಲವನ್ನು ಅಳವಡಿಸುವುದು ಇದಕ್ಕೆ ಪರಿಹಾರ.

ಉಷ್ಣತಾಮಾಪಕ: ವಿದ್ಯುತ್ ಬಗೆಯ ಉಷ್ಣತಾ ಸೆಂಡರುಗಳಲ್ಲಿ ಸಾಮಾನ್ಯವಾಗಿ ಬಿಸಿ ಹೆಚ್ಚಿದಂತೆ ರೋಧ ಕಡಿಮೆಯಾಗುತ್ತದೆ. ಈ ಇಳಿಕೆಯು ಸರಳರೇಖೆಯಲ್ಲಿರುವುದಿಲ್ಲ. ಆದ್ದರಿಂದ ಮಾಪಕ ಮತ್ತು ಸೆಂಡರುಗಳನ್ನು ಒಂದೇ ತಯಾರಕರ ಜೋಡಿಯಾಗಿ ಕೊಳ್ಳುವುದು ಸುರಕ್ಷಿತ. ಎಂಜಿನ್ನಿನ ಗಣಕಕ್ಕೆ ಮಾಹಿತಿ ಕೊಡುವ ಸೆಂಡರ್ ಬೇರೆ, ಫಲಕಕ್ಕೆ ಮಾಹಿತಿ ಕೊಡುವ ಸೆಂಡರ್ ಬೇರೆ ಆಗಿರಬಹುದು, ಮೊದಲನೆಯದನ್ನು ಮುಟ್ಟಬಾರದು. ಸೋರಿಕೆಯಿಂದ ರೇಡಿಯೇಟರ್ ಮತ್ತು ಎಂಜಿನ್ನಿನ ನೀರು ಬರಿದಾದರೆ ಸೆಂಡರಿನ ಸುತ್ತ ನೀರಿಲ್ಲದೆ ಮುಳ್ಳು ಕೆಳಗಿಳಿಯುವುದೂ ಉಂಟು. ಹಠಾತ್ತನೆ ಇಳಿದ ಮುಳ್ಳನ್ನು ಎಂಜಿನ್ ತಣಿದ ಲಕ್ಷಣವೆಂದು ತಿಳಿಯಬಾರದು.

ಎಣ್ಣೆ ಒತ್ತಡಮಾಪಕ: ಇದರಲ್ಲಿ ಯಾಂತ್ರಿಕ ಮತ್ತು ವಿದ್ಯುತ್ ಎಂಬ ಎರಡು ಬಗೆಗಳಿವೆ. ಯಾಂತ್ರಿಕ ಬಗೆಯಲ್ಲಿ ಎಂಜಿನ್ನಿನ ಎಣ್ಣೆಯೇ ಸಣ್ಣ ಕೊಳವೆಯ ಮೂಲಕ ಡ್ಯಾಶ್‌ಬೋರ್ಡಿನವರೆಗೆ ಬರುತ್ತದೆ. ಕೊಳವೆ ಒಡೆದರೆ ಬಿಸಿ ಎಣ್ಣೆ ಕಾರಿನೊಳಗೆ ಚೆಲ್ಲುವ ಅಪಾಯವಿರುವುದರಿಂದ ದಿನಬಳಕೆಯ ಕಾರಿಗೆ ವಿದ್ಯುತ್ ಬಗೆ ಲೇಸು.

ವೋಲ್ಟ್‌ಮಾಪಕ: 12 ವೋಲ್ಟಿನ ಕಾರಿನಲ್ಲಿ ಪೂರ್ಣ ಚಾರ್ಜ್ ಆದ ಬ್ಯಾಟರಿಯು ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಇರಬೇಕು. ಹಳೆಯ ಕಾಲದ ಆಮ್ಮೀಟರುಗಳಲ್ಲಿ ಕಾರಿನ ಬಹುಪಾಲು ವಿದ್ಯುತ್ ಪ್ರವಾಹ ಡ್ಯಾಶ್‌ಬೋರ್ಡಿನ ಮೂಲಕವೇ ಹಾದುಹೋಗುತ್ತಿತ್ತು. ಸಡಿಲವಾದ ತುದಿ ಬಿಸಿಯೇರಿ ಬೆಂಕಿಗೆ ಕಾರಣವಾಗಬಹುದಾದುದರಿಂದ ಈಗ ವೋಲ್ಟ್‌ಮಾಪಕವನ್ನೇ ಹೆಚ್ಚಾಗಿ ಬಳಸುತ್ತಾರೆ.

ಟ್ಯಾಕೋಮೀಟರ್: ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದನ್ನು ಇದು ತಿಳಿಸುತ್ತದೆ. ಡಿಸ್ಟ್ರಿಬ್ಯೂಟರ್ ಮತ್ತು ಒಂದೇ ಇಗ್ನಿಷನ್ ಕಾಯಿಲ್ ಇರುವ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೆ 2 ಕಿಡಿಗಳು ಹಾರುತ್ತವೆ. 3000 ಸುತ್ತಿಗೆ 6000 ಸ್ಪಂದನಗಳು. ಎಂಟು ಸಿಲಿಂಡರಿನ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೆ 4 ಕಿಡಿಗಳು. ಎಂಟು ಸಿಲಿಂಡರಿಗೆ ಹೊಂದಿಸಿದ ಮಾಪಕವನ್ನು ನಾಲ್ಕು ಸಿಲಿಂಡರಿನ ಕಾರಿಗೆ ಕೂಡಿಸಿದರೆ 3000 ಇರುವಲ್ಲಿ 1500 ಎಂದು ತೋರಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲದಿರುವುದರಿಂದ ಆಲ್ಟರ್ನೇಟರಿನ ಸಂಕೇತವನ್ನೋ ಬೇರೆ ಸಂವೇದಕವನ್ನೋ ಅವಲಂಬಿಸಬೇಕು.

ವೇಗಮಾಪಕ: ಕೇಬಲ್ ಇರುವ ಕಾರುಗಳಲ್ಲಿ ಒಂದು ನಿರ್ದಿಷ್ಟ ದೂರಕ್ಕೆ ಕೇಬಲ್ ಎಷ್ಟು ಸುತ್ತು ತಿರುಗುತ್ತದೆ ಎಂಬುದು ಮುಖ್ಯ. ಜಪಾನಿನ ಮಾನಕದಂತೆ ಇದು ಕಿಲೋಮೀಟರಿಗೆ 637 ಸುತ್ತು. ಅಮೆರಿಕದ ಅನೇಕ ಕಾರುಗಳಲ್ಲಿ ಮೈಲಿಗೆ 1000, ಎಂದರೆ ಕಿಲೋಮೀಟರಿಗೆ ಸುಮಾರು 621. ಡಿಜಿಟಲ್ ಫಲಕದ ಕಾರುಗಳಲ್ಲಿ ಕೇಬಲಿನ ಬದಲು ವಿದ್ಯುತ್ ಸ್ಪಂದನ ಕಳುಹಿಸುವ ಸಂವೇದಕವಿದ್ದರೆ, ಆ ಸ್ಪಂದನಗಳಿಗೆ ಹೊಂದಿಸಬಹುದಾದ ವಿದ್ಯುತ್ ವೇಗಮಾಪಕವನ್ನು ಆರಿಸಬೇಕು. ಟಯರಿನ ಗಾತ್ರವೂ ಅಳತೆಯನ್ನು ಬದಲಿಸುತ್ತದೆ. 60 ಸೆಂ.ಮೀ. ವ್ಯಾಸದ ಟಯರಿನ ಸ್ಥಾನದಲ್ಲಿ 63 ಸೆಂ.ಮೀ. ವ್ಯಾಸದ್ದನ್ನು ಹಾಕಿದರೆ, ಅದುವರೆಗೆ ಸರಿಯಾಗಿದ್ದ ಮುಳ್ಳು 60 ತೋರಿಸುವಾಗ ಕಾರು 63 ಕಿ.ಮೀ. ವೇಗದಲ್ಲಿರುತ್ತದೆ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 39ನೆಯ ನಿಯಮದಂತೆ ವೇಗಮಾಪಕವು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಸ್ವಲ್ಪ ಹೆಚ್ಚು ತೋರಿಸಲು ಮಾತ್ರ ಅವಕಾಶವಿದೆ.

ಎಚ್ಚರಿಕೆ ದೀಪಗಳು

ಹಳೆಯ ಫಲಕವನ್ನು ತೆಗೆಯುವಾಗ ಮಾಪಕಗಳತ್ತಲೇ ಗಮನವಿಟ್ಟು ಎಚ್ಚರಿಕೆ ದೀಪಗಳನ್ನು ಮರೆಯುವುದುಂಟು. ಬ್ರೇಕ್, ಕೈಬ್ರೇಕ್, ಎಣ್ಣೆ ಒತ್ತಡ, ಚಾರ್ಜಿಂಗ್, ಹೈ ಬೀಮ್ ಮತ್ತು ತಿರುವಿನ ಸೂಚಕ ದೀಪಗಳಿಗೆ ಹೊಸ ಫಲಕದಲ್ಲಿಯೂ ಸ್ಥಾನವಿರಬೇಕು.

ಇವುಗಳಲ್ಲಿ ಚಾರ್ಜಿಂಗ್ ದೀಪವು ಬರಿಯ ಸೂಚಕವಲ್ಲ. ಅನೇಕ ಹಳೆಯ ಕಾರುಗಳಲ್ಲಿ ಆಲ್ಟರ್ನೇಟರ್ ವಿದ್ಯುತ್ ಉತ್ಪಾದನೆಯನ್ನು ಆರಂಭಿಸಲು ಬೇಕಾದ ಅಲ್ಪ ಪ್ರವಾಹ ಈ ಬಲ್ಬಿನ ಮೂಲಕವೇ ಹರಿಯುತ್ತದೆ. ಬಲ್ಬನ್ನು ಕೈಬಿಟ್ಟರೆ ಅಥವಾ ಅತಿ ಕಡಿಮೆ ಪ್ರವಾಹದ ಎಲ್‌ಇಡಿಯನ್ನು ಹಾಗೆಯೇ ಜೋಡಿಸಿದರೆ ಬ್ಯಾಟರಿ ಚಾರ್ಜ್ ಆಗದಿರಬಹುದು. ಇದೇ ರೀತಿ, ಕೆಲವು ಕಾರುಗಳಲ್ಲಿ ವೇಗದ ಸಂಕೇತವು ಮೊದಲು ಫಲಕಕ್ಕೆ ಬಂದು ಅಲ್ಲಿಂದ ಎಂಜಿನ್ನಿನ ಗಣಕಕ್ಕೆ ಹೋಗುತ್ತದೆ. ಅಂತಹ ಕಾರಿನಲ್ಲಿ ಫಲಕವನ್ನು ತೆಗೆದರೆ ಎಂಜಿನ್ನಿನ ನಡವಳಿಕೆಯೇ ಕೆಡಬಹುದು.

ಕಾರ್ಯವಿಧಾನ

ಕೆಲಸದ ಕ್ರಮ ಸ್ಥೂಲವಾಗಿ ಹೀಗಿರುತ್ತದೆ.

1. ಮೂಲ ಫಲಕವನ್ನೂ ಅದರ ಹಿಂಬದಿಯ ಸಂಪರ್ಕಗಳನ್ನೂ ಛಾಯಾಚಿತ್ರ ತೆಗೆಯುವುದು. ಓಡೋಮೀಟರಿನ ಅಂಕೆಯನ್ನು ದಿನಾಂಕಸಹಿತ ಬರೆದಿಡುವುದು.

2. ಬ್ಯಾಟರಿಯ ಋಣ ತುದಿಯನ್ನು ಕಳಚುವುದು. ಏರ್‌ಬ್ಯಾಗ್ ಇರುವ ಕಾರಾಗಿದ್ದರೆ ತಯಾರಕರ ಸುರಕ್ಷಾ ಸೂಚನೆಗಳನ್ನು ಮೊದಲು ಪಾಲಿಸುವುದು.

3. ಆ ಮಾದರಿಯ ಕಾರ್ಯಾಗಾರ ಕೈಪಿಡಿಯ ವೈರಿಂಗ್ ನಕ್ಷೆಯಂತೆ ಪ್ರತಿಯೊಂದು ತಂತಿಯನ್ನು ಗುರುತಿಸಿ ಚೀಟಿ ಕಟ್ಟುವುದು. ಬಣ್ಣವನ್ನು ಮಾತ್ರ ನಂಬಬಾರದು; ಹಿಂದಿನ ದುರಸ್ತಿಯಲ್ಲಿ ಬೇರೆ ಬಣ್ಣದ ತಂತಿ ಸೇರಿರಬಹುದು.

4. ಸೆಂಡರುಗಳ ರೋಧವನ್ನು ಮಲ್ಟಿಮೀಟರಿನಿಂದ ಅಳೆದು, ಅದಕ್ಕೆ ಹೊಂದುವ ಮಾಪಕಗಳನ್ನು ಆರಿಸುವುದು.

5. ಮೂಲ ತಂತಿಗಳನ್ನು ಕತ್ತರಿಸದೆ, ಮೂಲ ಪ್ಲಗ್ಗಿಗೆ ಹೊಂದುವ ಮಧ್ಯಂತರ ಜೋಡಣೆಯೊಂದನ್ನು ತಯಾರಿಸುವುದು. ಮುಂದೆ ಹಳೆಯ ಫಲಕವನ್ನು ಮರಳಿ ಕೂಡಿಸಲು ಇದರಿಂದ ಸಾಧ್ಯವಾಗುತ್ತದೆ.

6. ಹೊಸ ಮಾಪಕಗಳಿಗೆ ಪ್ರತ್ಯೇಕ ಫ್ಯೂಸ್ ಹಾಗೂ ಗಟ್ಟಿಯಾದ ಅರ್ಥ್ ಸಂಪರ್ಕ ಕೊಡುವುದು.

7. ಎಲ್ಲ ಎಚ್ಚರಿಕೆ ದೀಪಗಳನ್ನೂ ಒಂದೊಂದಾಗಿ ಪರೀಕ್ಷಿಸುವುದು.

8. ಉಪಗ್ರಹ ಆಧಾರಿತ ವೇಗದೊಂದಿಗೆ ಹೋಲಿಸಿ ವೇಗಮಾಪಕವನ್ನು ಸರಿಹೊಂದಿಸುವುದು. ಚಾಲಕನು ರಸ್ತೆಯನ್ನೇ ನೋಡುವಂತೆ, ಅಂಕೆಗಳನ್ನು ಜೊತೆಯಲ್ಲಿ ಕುಳಿತವರು ಓದಿ ಬರೆದುಕೊಳ್ಳಬೇಕು. ಟ್ಯಾಂಕಿಗೆ ಅಳತೆ ಮಾಡಿದ ಇಂಧನ ಹಾಕುತ್ತ ಇಂಧನ ಮಾಪಕದ ಗೆರೆಗಳನ್ನೂ ಪರಿಶೀಲಿಸಬೇಕು.

ಓಡೋಮೀಟರಿನ ದಾಖಲೆ

ಡಿಜಿಟಲ್ ಫಲಕದಲ್ಲಿ ಕಾರು ಕ್ರಮಿಸಿದ ಒಟ್ಟು ದೂರವು ಸಾಮಾನ್ಯವಾಗಿ ಸ್ಮೃತಿ ಚಿಪ್ಪಿನಲ್ಲಿ ಉಳಿದಿರುತ್ತದೆ. ಹೊಸ ಅನಲಾಗ್ ಮಾಪಕದ ಓಡೋಮೀಟರ್ ಬಹುತೇಕ ಸೊನ್ನೆಯಿಂದ ಆರಂಭವಾಗುತ್ತದೆ. 1,40,000 ಕಿ.ಮೀ. ಓಡಿದ ಕಾರು ಪರಿವರ್ತನೆಯ ಮರುದಿನ ಹೊಸದರಂತೆ ತೋರುತ್ತದೆ. ಇದನ್ನು ತಿಳಿಸದೆ ಕಾರನ್ನು ಮಾರುವುದು ಕೊಳ್ಳುವವರಿಗೆ ಮಾಡುವ ವಂಚನೆ. ಆದ್ದರಿಂದ ಬದಲಾವಣೆಯ ದಿನಾಂಕ, ಆಗ ಹಳೆಯ ಮಾಪಕದಲ್ಲಿದ್ದ ದೂರ ಮತ್ತು ಹೊಸ ಮಾಪಕದ ಆರಂಭದ ಅಂಕೆ ಇವುಗಳನ್ನು ಸರ್ವಿಸ್ ಪುಸ್ತಕದಲ್ಲಿ ಬರೆದು, ಕಾರಿನ ಬಾಗಿಲ ಚೌಕಟ್ಟಿನಲ್ಲಿ ಸಣ್ಣ ಚೀಟಿಯಾಗಿಯೂ ಅಂಟಿಸುವುದು ಒಳ್ಳೆಯ ಪದ್ಧತಿ. ಫಲಕದಲ್ಲಿ ಪರದೆ ಕತ್ತಲಾಗಿ ಅಂಕೆ ಕಾಣದಿದ್ದರೆ, ಹಳೆಯ ಸರ್ವಿಸ್ ರಸೀದಿಗಳಲ್ಲಿ ದೊರೆಯುವ ಕೊನೆಯ ಅಂಕೆಯನ್ನು ‘ಇಷ್ಟಕ್ಕಿಂತ ಹೆಚ್ಚು’ ಎಂದು ನಮೂದಿಸಬಹುದು.

ಭಾರತದ ಕಾನೂನು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 117ನೆಯ ನಿಯಮವು ವೇಗಮಾಪಕಕ್ಕೆ ಸಂಬಂಧಿಸಿದೆ. ಮೋಟಾರು ವಾಹನ ಕಾಯಿದೆ, 1988ರ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನೀಡಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಮಾಪಕ ಫಲಕದ ಬಗೆಯನ್ನು ನೋಂದಣಿ ಪತ್ರದಲ್ಲಿ ನಮೂದಿಸುವ ರೂಢಿಯಿಲ್ಲ. ಆದರೂ ಕೆಲಸಕ್ಕೆ ಕೈಹಾಕುವ ಮೊದಲು ಸಂಬಂಧಪಟ್ಟ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಸೂಕ್ತ.

2021ರಲ್ಲಿ ಜಾರಿಗೆ ಬಂದ ನಿಯಮಗಳಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಮೂಲರೂಪದಲ್ಲಿ ಉಳಿದಿರುವ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳನ್ನು ‘ವಿಂಟೇಜ್’ ವರ್ಗದಲ್ಲಿ ನೋಂದಾಯಿಸಬಹುದು. ಚಾಸಿ, ದೇಹ ಮತ್ತು ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಇವುಗಳ ನೋಂದಣಿ ಸಂಖ್ಯೆಯಲ್ಲಿ ‘ವಿಎ’ ಅಕ್ಷರಗಳಿರುತ್ತವೆ. ಹೊಸ ನೋಂದಣಿಗೆ ನಿಗದಿಯಾದ ಶುಲ್ಕ 20,000 ರೂಪಾಯಿ. 1970ರ ದಶಕದ ಕೊನೆಯಲ್ಲಿ ರಸ್ತೆಗಿಳಿದ ಮೊದಲ ಡಿಜಿಟಲ್ ಫಲಕದ ಕಾರುಗಳು 2020ರ ದಶಕದ ಕೊನೆಗಷ್ಟೇ ಈ ವಯಸ್ಸನ್ನು ಮುಟ್ಟುತ್ತವೆ.

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಪ್ರದೇಶದಲ್ಲಿ

ದಕ್ಷಿಣ ಕನ್ನಡ ಜಿಲ್ಲೆಯ ಈ ಭಾಗದಲ್ಲಿ ಮಾಪಕಗಳ ನಿಖರತೆಗೆ ವಿಶೇಷ ಮಹತ್ತ್ವವಿದೆ. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಕವಲೊಡೆಯುವ ಹೆದ್ದಾರಿಗಳಲ್ಲಿ ಒಂದು ಬೆಳ್ತಂಗಡಿ, ಉಜಿರೆಗಳ ಮೂಲಕ ಚಾರ್ಮಾಡಿ ಘಾಟಿಯನ್ನೇರಿದರೆ, ಇನ್ನೊಂದು ಶಿರಾಡಿ ಘಾಟಿಯತ್ತ ಸಾಗುತ್ತದೆ. ಮೂಡುಬಿದಿರೆಯಿಂದ ಕಾರ್ಕಳದ ಮೂಲಕ ಹೋಗುವವರಿಗೆ ಕುದುರೆಮುಖದ ಏರುದಾರಿ ಎದುರಾಗುತ್ತದೆ. ಕಡಲಮಟ್ಟಕ್ಕೆ ಸಮೀಪದ ಸೆಕೆಯ ನಾಡಿನಿಂದ ಕೆಳ ಗೇರಿನಲ್ಲಿ ದೀರ್ಘಕಾಲ ಏರುವಾಗ ಹಳೆಯ ಎಂಜಿನ್ ಬೇಗ ಬಿಸಿಯಾಗುತ್ತದೆ. ಉಷ್ಣತಾಮಾಪಕ ಸುಳ್ಳು ಹೇಳಿದರೆ ಹೆಡ್ ಗ್ಯಾಸ್ಕೆಟ್ ಸುಟ್ಟುಹೋಗುವವರೆಗೂ ಚಾಲಕನಿಗೆ ತಿಳಿಯದಿರಬಹುದು. ತಿರುವುಗಳ ನಡುವೆ ಇಂಧನ ಮುಗಿದರೆ ಹಿಂದೆ ಬರುವ ಬಸ್ಸು, ಲಾರಿಗಳಿಗೂ ತೊಂದರೆ.

ಮಳೆಗಾಲವೂ ಇಲ್ಲಿನ ವಾಹನಗಳಿಗೆ ಪರೀಕ್ಷೆಯ ಕಾಲ. ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 4000 ಮಿ.ಮೀ. ಮಳೆಯಾಗುತ್ತದೆ; ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ತೇವದಿಂದ ಅರ್ಥ್ ಸಂಪರ್ಕಗಳು ತುಕ್ಕು ಹಿಡಿಯುತ್ತವೆ, ತಾಮ್ರದ ತುದಿಗಳು ಹಸಿರುಗಟ್ಟುತ್ತವೆ, ಮಾಪಕದ ಗಾಜಿನ ಒಳಬದಿಯಲ್ಲಿ ಆವಿ ಕಟ್ಟುತ್ತದೆ. ಹಲವು ತಿಂಗಳು ಓಡಿಸದೆ ಕೊಟ್ಟಿಗೆಯಲ್ಲಿ ನಿಲ್ಲಿಸಿದ ಕಾರಿನ ತಂತಿಗಳನ್ನು ಇಲಿಗಳು ಕಡಿಯುವುದೂ ಸಾಮಾನ್ಯ. ಒಂದು ಮಾಪಕದ ಅರ್ಥ್ ಸಡಿಲವಾದರೆ ದೀಪ ಹಚ್ಚಿದಾಗ, ಇಂಡಿಕೇಟರ್ ಹಾಕಿದಾಗ ಮುಳ್ಳು ಅಲುಗುತ್ತದೆ. ಈ ಲಕ್ಷಣ ಕಂಡರೆ ಮಾಪಕವನ್ನು ಬದಲಿಸುವುದಕ್ಕಿಂತ ಅರ್ಥ್ ತುದಿಯನ್ನು ಉಜ್ಜಿ ಬಿಗಿಗೊಳಿಸುವುದೇ ಮೊದಲ ಚಿಕಿತ್ಸೆ.

ಹಳೆಯ ಮಾಪಕಗಳನ್ನು ಅವುಗಳ ಮೂಲ ಸನ್ನಿವೇಶದಲ್ಲಿ ನೋಡಬಯಸುವ ವಿದ್ಯಾರ್ಥಿಗಳಿಗೆ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳ ಸಮೀಪದಲ್ಲೇ ಇದೆ. 1968ರಲ್ಲಿ ಧರ್ಮಾಧಿಕಾರಿಯಾದ ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಅಲ್ಲಿ ಮಂಜೂಷಾ ವಸ್ತುಸಂಗ್ರಹಾಲಯವೂ ಹಳೆಯ ಕಾರುಗಳ ಸಂಗ್ರಹವೂ ರೂಪುಗೊಂಡಿವೆ. ಶ್ರೀರಂಗಪಟ್ಟಣದ ಬಳಿಯಿರುವ ‘ಪಯಣ’ ಕಾರು ಸಂಗ್ರಹಾಲಯವೂ ಧರ್ಮಸ್ಥಳದ ಆಶ್ರಯದ್ದು. ಡಿಜಿಟಲ್ ಫಲಕಗಳು ಹುಟ್ಟುವುದಕ್ಕೆ ಬಹಳ ಹಿಂದಿನ ಕಾರುಗಳು ಇಂತಹ ಸಂಗ್ರಹಗಳಲ್ಲಿ ಇರುವುದರಿಂದ, ಒಂದೊಂದು ಅಳತೆಗೂ ಒಂದೊಂದು ಡಯಲು ಇದ್ದ ಕಾಲದ ವಿನ್ಯಾಸವನ್ನು ನೇರವಾಗಿ ಗಮನಿಸಬಹುದು.

ಮೂಲರೂಪದ ಸಂರಕ್ಷಣೆ

ಪರಿವರ್ತನೆಯ ಬಗ್ಗೆ ಕಾರುಪ್ರಿಯರಲ್ಲಿ ಎರಡು ಅಭಿಪ್ರಾಯಗಳಿವೆ. ಕಾರು ಇರುವುದು ಓಡಿಸುವುದಕ್ಕಾಗಿ, ದುರಸ್ತಿಯಾಗದ ಫಲಕವನ್ನಿಟ್ಟುಕೊಂಡು ಅಳತೆಯಿಲ್ಲದೆ ಓಡಿಸುವುದಕ್ಕಿಂತ ಮುಳ್ಳಿನ ಮಾಪಕಗಳೇ ಮೇಲು ಎಂಬುದು ಒಂದು. ಡಿಜಿಟಲ್ ಫಲಕವೂ ಆ ಕಾಲದ ತಂತ್ರಜ್ಞಾನದ ಸಾಕ್ಷಿ, ಅದನ್ನು ಕಿತ್ತರೆ ಕಾರಿನ ಚರಿತ್ರೆಯೇ ಅಳಿಯುತ್ತದೆ ಎಂಬುದು ಇನ್ನೊಂದು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು, ಐತಿಹಾಸಿಕ ವಾಹನಗಳಲ್ಲಿ ಕನಿಷ್ಠ ಹಸ್ತಕ್ಷೇಪ ಮತ್ತು ಸರಿಯಾದ ದಾಖಲಾತಿಯನ್ನು ಒತ್ತಿಹೇಳುತ್ತದೆ.

ಈ ಎರಡು ಅಭಿಪ್ರಾಯಗಳನ್ನು ಹೊಂದಿಸುವ ದಾರಿಯೆಂದರೆ, ಹಿಂದಕ್ಕೆ ಮರಳಬಹುದಾದ ಪರಿವರ್ತನೆ. ಮೂಲ ತಂತಿಗಳನ್ನು ಕತ್ತರಿಸದೆ, ಡ್ಯಾಶ್‌ಬೋರ್ಡಿನಲ್ಲಿ ಹೊಸ ರಂಧ್ರ ಕೊರೆಯದೆ, ತೆಗೆದ ಫಲಕವನ್ನು ತೇವಹೀರುವ ಸಿಲಿಕಾ ಜೆಲ್ ಚೀಲದೊಂದಿಗೆ ಮುಚ್ಚಿದ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದರೆ, ಇಂದು ದುರಸ್ತಿಯಾಗದ ಫಲಕ ನಾಳೆ ಸರಿಯಾದೀತು. ಕಾರನ್ನು ಮಾರುವಾಗ ಆ ಪೆಟ್ಟಿಗೆ, ವೈರಿಂಗ್ ನಕ್ಷೆ ಮತ್ತು ಓಡೋಮೀಟರಿನ ದಾಖಲೆಗಳನ್ನು ಕಾರಿನೊಂದಿಗೇ ಹಸ್ತಾಂತರಿಸಬೇಕು.

ಇವನ್ನೂ ನೋಡಿ

ವೇಗಮಾಪಕ
ಓಡೋಮೀಟರ್
ಓಮ್‌ನ ನಿಯಮ
ಹಿಂದೂಸ್ಥಾನ್ ಅಂಬಾಸಿಡರ್
ಚಾರ್ಮಾಡಿ ಘಾಟಿ
ಧರ್ಮಸ್ಥಳ